ಇಟ್ಟಿಗೆಯ ಮೇಲೆ ನಿಂತ ದಿನಬಳಕೆಯ ಕಾರು

ಆ ಭಾನುವಾರ ನಮ್ಮ ಹೋಟೆಲಿನಲ್ಲಿ ಬೇರೆ ಭಾನುವಾರಗಳಂತೆಯೇ ಇತ್ತು. ವಡೋದರಾದ ಗೋರ್ವಾದಲ್ಲಿ, ಕಾರ್ಖಾನೆಗಳ ಕಡೆಗೆ ಹೋಗುವ ರಸ್ತೆಯ ಬದಿಗೆ ನಮ್ಮ ಕಟ್ಟಡ. ಕೆಳಗೆ ಹೋಟೆಲು, ಮೇಲೆ ಮನೆ, ಹಿತ್ತಲಿನಲ್ಲಿ ತಗಡಿನ ಶೆಡ್ಡು. ಅಮ್ಮ ಬೆಳಕು ಹರಿಯುವ ಮೊದಲೇ ಕೆಳಗಿಳಿದು ಇಡ್ಲಿ ಪಾತ್ರೆಯ ಮುಂದೆ ನಿಂತಿದ್ದಳು. ಅಪ್ಪಯ್ಯ ಇಸ್ತ್ರಿ ಮಾಡಿದ ಬಿಳಿ ಪ್ಯಾಂಟು ಹಾಕಿಕೊಂಡು, ಶೆಡ್ಡಿನಿಂದ ತಮ್ಮ ಹಳೆಯ ಕರಿ ಕಾರನ್ನು ಹೊರಗೆ ತಳ್ಳಿಸಿ, ನನ್ನ ಶಾಲೆಯ ಅಂಗಿಗಿಂತ ಮೆದುವಾದ ಬಟ್ಟೆಯಿಂದ ಅದನ್ನು ಒರೆಸುತ್ತಿದ್ದರು. ತಿಂಡಿಯ ಹೊತ್ತಿಗೆ ಅಹಮದಾಬಾದಿನ ದೊಡ್ಡ ಮನುಷ್ಯರು ತಮ್ಮ ಹಳೆ ಕಾರುಗಳಲ್ಲಿ ಬಂದಿಳಿದರು. ತಲೆಗೆ ಟೋಪಿ, ಕೈಗೆ ಚರ್ಮದ ಗವಸು. ಹೆದ್ದಾರಿಯ ಹೊಗೆ ಕುಡಿದು ಬಂದದ್ದು ಭಾರಿ ಸಾಹಸವೆಂಬಂತೆ ಒಬ್ಬರ ಬೆನ್ನನ್ನೊಬ್ಬರು ತಟ್ಟಿಕೊಂಡರು. ಆಮೇಲೆ ಇಡ್ಲಿ, ವಡೆ, ದೋಸೆ, ಮತ್ತೆ ಇಡ್ಲಿ. ಚಟ್ನಿ ಮುಗಿದಾಗ ಅಪ್ಪಯ್ಯ ತಾವೇ ಬಟ್ಟಲು ಹಿಡಿದು ಒಳಗೆ ಓಡಿ ಬರುತ್ತಿದ್ದರು. ಬೇರೆ ದಿನ ಗಲ್ಲಾಪೆಟ್ಟಿಗೆಯ ಹಿಂದಿನಿಂದ ಏಳದ ಮನುಷ್ಯ.

ಅಮ್ಮ ಆ ದಿನ ಒಮ್ಮೆ ಅಡುಗೆಮನೆಯಿಂದ ಹೊರಗೆ ಬಂದಳು. ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ, ಎಲ್ಲರೂ ಕೂತಿದ್ದ ಮೇಜಿನ ಹತ್ತಿರ ನಿಂತು ಕೇಳಿದಳು:

"ಹ್ವಾಯ್, ಆ ಕಾರ್ ಇಟ್ಗಿ ಮೇಲಿಂದ ಯಾವತ್ತ್ ಇಳಿತ್ತ್?"

ಅವಳು ಕೇಳಿದ್ದು ಕರಿ ಕಾರಿನ ವಿಷಯವಲ್ಲ. ಶೆಡ್ಡಿನ ಒಳಬದಿಯಲ್ಲಿ ಚಕ್ರ ಬಿಚ್ಚಿಸಿಕೊಂಡು, ಇಟ್ಟಿಗೆಗಳ ಮೇಲೆ ನಿಂತಿದ್ದ ಅಂಬಾಸಡರಿನ ವಿಷಯ. ಅದು ನಮ್ಮ ದಿನಬಳಕೆಯ ಕಾರು.

"ಡ್ಯಾಶ್‌ಬೋರ್ಡ್ ಒಂದ್ ಸಿಕ್ರೆ ಆಯ್ತ್ ಮಾರಾಯ್ತಿ. ರಾಯರ್ ಹುಡ್ಕ್ತಾ ಇದ್ರ್."

"ಅಲ್ಲಿವರಿಗೆ ತೆಂಗಿನಕಾಯಿ ಮೂಟಿ ಲೂನಾದಗೇ ತರ್ಕಾ?"

"ದೀಪಾವಳಿಗೆ ಕಾಂಬ."

ಕಾಂಬ ಎಂದರೆ ನೋಡೋಣ. ಕುಂದಾಪುರದ ಕಡೆಯ ನಮ್ಮ ಮನೆಮಾತಿನಲ್ಲಿ ಅಪ್ಪಯ್ಯ ಅತಿ ಹೆಚ್ಚು ಬಳಸಿದ ಪದ ಅದೇ ಇರಬೇಕು. ಮೇಜಿನ ಸುತ್ತ ಕೂತವರು ನಕ್ಕರು. ಅಮ್ಮನೂ ಸ್ವಲ್ಪ ನಕ್ಕು ಒಳಗೆ ಹೋದಳು. ಮಧ್ಯಾಹ್ನ ನಾವಿಬ್ಬರೂ ಮೇಲೆ ಉಂಡೆವು. ಅಮ್ಮ ಗೋಡೆಗೆ ಒರಗಿ ಕೂತು ಕಾಲು ಚಾಚಿ, ದೀಪಾವಳಿ ರಜೆಗೆ ಸೂರತ್ತಿನ ಚಿಕ್ಕಮ್ಮನ ಮನೆಗೆ ತಾನೇ ಕಾರು ಬಿಟ್ಟುಕೊಂಡು ಹೋಗುವುದೆಂದೂ, ನಾನು ಪಕ್ಕದ ಸೀಟಿನಲ್ಲಿ ಕೂರುವುದೆಂದೂ ಹೇಳಿದಳು. ನಮ್ಮ ಕಡೆ ಕಾರು ಓಡಿಸುವುದಕ್ಕೆ ಬಿಡುವುದು ಎನ್ನುತ್ತಾರೆ. ಇದನ್ನು ಅವಳು ಎಷ್ಟೋ ಸಲ ಹೇಳಿದ್ದಳು. ನಾನು ಪೂರ್ತಿ ಕೇಳಿಸಿಕೊಳ್ಳಲೂ ಇಲ್ಲ, ಎಂದಿನ ಮಾತು. ಅದು ನಮ್ಮ ಮನೆಯ ಕೊನೆಯ ಮಾಮೂಲಿ ದಿನ.

ಅಪ್ಪಯ್ಯನ ಕರಿ ಕಾರು ಇಂಗ್ಲೆಂಡಿನದು. ಊರು ಬಿಟ್ಟು ಹೋಗುತ್ತಿದ್ದ ಒಬ್ಬ ಮುದುಕರು, ಅವರ ಮಕ್ಕಳಿಗೆ ಅದು ಬೇಡವಾದ್ದರಿಂದ, ದಿನವೂ ಕಾಫಿ ಕೊಡುತ್ತಿದ್ದ ಅಪ್ಪಯ್ಯನಿಗೆ ದಾಟಿಸಿ ಹೋದರು. ಅಲ್ಲಿಯವರೆಗೆ ಅಪ್ಪಯ್ಯನಿಗೆ ಕಾರಿನ ಹುಚ್ಚು ಇರಲಿಲ್ಲ ಎಂದು ಅಮ್ಮ ಹೇಳುತ್ತಿದ್ದಳು. ಅದು ಬಂದ ಮೇಲೆ ಮನೆಯ ಲೆಕ್ಕಾಚಾರ ಬದಲಾಯಿತು. ಸೌದೆ, ಈರುಳ್ಳಿ, ಕೊಬ್ಬರಿ ಇಡುತ್ತಿದ್ದ ಶೆಡ್ಡು ಕಾರಿನದಾಯಿತು. ಈರುಳ್ಳಿ ನಮ್ಮ ಮಲಗುವ ಕೋಣೆಗೆ ಬಂತು. ನನ್ನ ಬಾಲ್ಯದ ನಿದ್ದೆಗೆಲ್ಲ ಈರುಳ್ಳಿಯ ವಾಸನೆ ಇದೆ. ದೇವರ ಗೂಡಿನ ಕೆಳಹಲಗೆಯಲ್ಲಿ ಕಾರಿನ ಹೊಳೆಯುವ ಹಿಡಿಕೆಗಳು, ದೀಪದ ಬಳೆಗಳು, ಮಸಿ ಒರೆಸಿದ ಪ್ಲಗ್ಗುಗಳು ಬಂದು ಕೂತವು. ಒಂದು ಸಲ ಅಮ್ಮ ಉದ್ದು ನೆನೆಹಾಕುವ ದೊಡ್ಡ ಪಾತ್ರೆಯಲ್ಲಿ ಅಪ್ಪಯ್ಯ ಕಾರ್ಬೊರೇಟರನ್ನು ಸೀಮೆಎಣ್ಣೆಯಲ್ಲಿ ನೆನೆಹಾಕಿದರು. ಅಮ್ಮ ಆ ಪಾತ್ರೆಯನ್ನು ಹುಣಸೆಹಣ್ಣು, ಬೂದಿ, ಬಿಸಿನೀರು ಎಲ್ಲ ಹಾಕಿ ತಿಕ್ಕಿದಳು. ಮರುದಿನ ಹೋಟೆಲಿನ ದೋಸೆಗೆ ಸೀಮೆಎಣ್ಣೆಯ ವಾಸನೆ. ಅಂದು ನಡೆದ ಜಗಳದಲ್ಲಿ ಅಪ್ಪಯ್ಯ ಹೇಳಿದ್ದು, ಈ ಮನೆಯಲ್ಲಿ ಯಾರಿಗೂ ಒಳ್ಳೆಯ ವಸ್ತುವಿನ ಬೆಲೆ ಗೊತ್ತಿಲ್ಲವೆಂದು. ಅವರು ಹೇಳಿದ್ದು ಕಾರ್ಬೊರೇಟರಿನ ಬಗ್ಗೆ. ಆ ಪಾತ್ರೆ ಅಮ್ಮನ ತವರಿನಿಂದ ಬಂದ ಹಿತ್ತಾಳೆಯದು.

ಅಹಮದಾಬಾದಿನ ಗುಂಪಿಗೆ ಅಪ್ಪಯ್ಯ ಸೇರಿದ್ದು ಈ ಕಾರಿನಿಂದ. ಸೇರಿದ್ದು ಎಂದು ಅವರು ತಿಳಿದಿದ್ದರು. ಆ ಗುಂಪಿಗೆ ಭಾನುವಾರ ಹಳೆ ಕಾರು ಓಡಿಸಿಕೊಂಡು ಹೋಗಲು ಒಂದು ಜಾಗ ಬೇಕಿತ್ತು, ತಲುಪಿದ ಮೇಲೆ ಬಿಸಿ ತಿಂಡಿ ಬೇಕಿತ್ತು. ಅಪ್ಪಯ್ಯ ಆ ಜಾಗ ಮತ್ತು ಆ ತಿಂಡಿ. ಅವರು ಇವರನ್ನು 'ಅಣ್ಣಾ' ಎಂದು ಕರೆಯುತ್ತಿದ್ದರು. ಅಲ್ಲಿ ದಕ್ಷಿಣದ ಹೋಟೆಲಿನವರನ್ನೆಲ್ಲ ಕರೆಯುವುದೇ ಹಾಗೆ. ಅಪ್ಪಯ್ಯ ಅದನ್ನು ಸಲಿಗೆ ಎಂದುಕೊಂಡಿದ್ದರು. ಗುಂಪಿನ ಫೋಟೋಗಳನ್ನು ಅವರು ಚೌಕಟ್ಟು ಹಾಕಿಸಿ ಗಲ್ಲಾಪೆಟ್ಟಿಗೆಯ ಮೇಲೆ ತೂಗುಹಾಕಿದ್ದರು. ಎಲ್ಲದರಲ್ಲೂ ಅವರು ಅಂಚಿನಲ್ಲಿ ನಿಂತಿದ್ದಾರೆ. ಒಂದರಲ್ಲಿ ಹೆಗಲ ಮೇಲೆ ಮೇಜು ಒರೆಸುವ ಬಟ್ಟೆ ಇದೆ. ತೆಗೆದಿಡಲು ಯಾರೂ ಹೇಳಲಿಲ್ಲ.

ಗುಂಪಿನ ಹಿರಿಯ ಚಿನುಭಾಯಿ. ಅಹಮದಾಬಾದಿನ ಸ್ಯಾಟಲೈಟ್ ಬಡಾವಣೆಯಲ್ಲಿ ಬಂಗಲೆ, ವಟ್ವಾದಲ್ಲಿ ಬಣ್ಣದ ಕಾರ್ಖಾನೆ. ಕಾರ್ಖಾನೆಯ ಹಿಂದಿನ ಚರಂಡಿ ಸೋಮವಾರ ಕೆಂಪಗೆ, ಮಂಗಳವಾರ ನೀಲಿಯಾಗಿ ಹರಿಯುತ್ತದೆ ಎಂದು ಅವರ ಡ್ರೈವರನೇ ನಮ್ಮ ಅಡುಗೆಮನೆ ಬಾಗಿಲಲ್ಲಿ ನಿಂತು ನಗುತ್ತ ಹೇಳಿದ್ದ. ಆದರೆ ತಮ್ಮ ಹಳೆ ಕಾರಿನ ಕೆನೆಬಣ್ಣ ಒಂದಿಷ್ಟು ಮಾಸಿದಾಗ ಚಿನುಭಾಯಿ, ಅದೇ ಛಾಯೆ ಬೇಕೆಂದು ಇಂಗ್ಲೆಂಡಿನಿಂದ ಡಬ್ಬಿ ತರಿಸಿದರು. ಬಣ್ಣ ಮಾಡುವವರೇ ಅವರು. ಇನ್ನೊಬ್ಬರು ರಾಯರು, ನಮ್ಮ ಮೈಸೂರಿನ ಕಡೆಯವರು, ಅಹಮದಾಬಾದಿನ ದೊಡ್ಡದೊಂದು ಸರ್ಕಾರಿ ಸಂಶೋಧನಾ ಸಂಸ್ಥೆಯಲ್ಲಿ ವಿಜ್ಞಾನಿ. ಅಪ್ಪಯ್ಯ ಅವರ ಮುಂದೆ ಕೂರುತ್ತಲೇ ಇರಲಿಲ್ಲ. ಸ್ವಾವಲಂಬನೆ ಎಂಬ ಪದವನ್ನು ನಾನು ಮೊದಲು ಕೇಳಿದ್ದು ರಾಯರ ಬಾಯಿಯಿಂದ, ಅವರು ಮೂರನೆಯ ವಡೆಯನ್ನು ಸಾಂಬಾರಿನಲ್ಲಿ ಅದ್ದುತ್ತಿದ್ದಾಗ. ಅವರ ಹಳೆ ಕಾರಿನ ಪ್ಲಗ್ಗುಗಳು ಮಾತ್ರ, ಸಂಸ್ಥೆಯ ಕೆಲಸಕ್ಕೆ ವಿದೇಶಕ್ಕೆ ಹೋದವರ ಚೀಲದಲ್ಲಿ ಬರುತ್ತಿದ್ದವು.

ಈ ಗುಂಪಿಗೆ ಒಂದು ಪದ್ಧತಿ ಇತ್ತು. ಮುಂದೆ ಯಜಮಾನರು ಓಡಿಸುವ ಹಳೆಯ ವಿದೇಶಿ ಕಾರು, ಹಿಂದೆ ಸ್ವಲ್ಪ ದೂರದಲ್ಲಿ ಒಂದು ಅಂಬಾಸಡರ್. ಅದರಲ್ಲಿ ಡ್ರೈವರ್, ಮೆಕ್ಯಾನಿಕ್, ಹಗ್ಗ, ನೀರಿನ ಡಬ್ಬ. ದಾರಿಯಲ್ಲಿ ಹಳೆಯದು ಕೈಕೊಟ್ಟರೆ ಹಿಂದಿನಿಂದ ಬಂದವರು ಇಳಿದು ರಿಪೇರಿ ಮಾಡುವುದು, ಯಜಮಾನರು ಮರದ ನೆರಳಲ್ಲಿ ನಿಲ್ಲುವುದು. ನಮ್ಮ ಹೋಟೆಲಿಗೆ ಬಂದ ಮೇಲೆ ಹಳೆ ಕಾರುಗಳು ಮುಂಬಾಗಿಲಿಗೆ, ಅಂಬಾಸಡರುಗಳು ಹಿತ್ತಲಿಗೆ. ಯಜಮಾನರು ಒಳಗೆ, ಉಳಿದವರು ಅಡುಗೆಮನೆಯ ಹಿಂದೆ ನಿಂತುಕೊಂಡು ತಿನ್ನುವುದು. ಅವರಿಗೆ ನಿನ್ನೆಯ ಚಟ್ನಿ ಸಾಕೆಂದು ಯಾರೋ ಅಂದಿದ್ದರು. ಅಮ್ಮ ಎರಡೂ ಕಡೆಗೆ ಒಂದೇ ಚಟ್ನಿ ಕಳಿಸುತ್ತಿದ್ದಳು.

ತಿಂಡಿಯಾದ ಮೇಲೆ ಚರ್ಚೆ. ಅದು ಯಾವಾಗಲೂ ಒಂದೇ ಚರ್ಚೆ. ಆ ವರ್ಷಗಳಲ್ಲಿ ಹೊರದೇಶದ ಹೆಸರಿನ ಹೊಸ ಹೊಸ ಕಾರುಗಳು ನಮ್ಮ ರಸ್ತೆಗೆ ಇಳಿಯತೊಡಗಿದ್ದವು, ಪತ್ರಿಕೆಗಳಲ್ಲಿ ಪೂರ್ತಿ ಪುಟದ ಜಾಹೀರಾತು. ಅವನ್ನು ಕೊಳ್ಳುವವರನ್ನು ಈ ಗುಂಪು ಹೀನಾಯವಾಗಿ ಆಡಿಕೊಳ್ಳುತ್ತಿತ್ತು. ಪ್ಲಾಸ್ಟಿಕ್ಕು, ಬಿಸ್ಕತ್ತಿನ ಡಬ್ಬಿ, ದೇಶದ ದುಡ್ಡು ಹೊರಗೆ ಹೋಗುವ ತೂತು. ಪೇಟೆಯ ತುಂಬ ಓಡಾಡುತ್ತಿದ್ದ ಸಣ್ಣ ಬಿಳಿ ಕಾರನ್ನಂತೂ ಸೋಪಿನ ಡಬ್ಬಿ ಎನ್ನುತ್ತಿದ್ದರು. ಅದು ತಯಾರಾಗುವುದು ಇಲ್ಲೇ, ಎಂಜಿನ್ನಿನ ವಿದ್ಯೆ ಜಪಾನಿನದು. ಹಾಗಾದರೆ ಅದು ದೇಶಿಯೋ ವಿದೇಶಿಯೋ ಎಂದು ಕಾಫಿ ಆರುವವರೆಗೆ ವಾದಿಸುತ್ತಿದ್ದರು. ಅವರು ಇಷ್ಟೊಂದು ದೇಶಿಯೆಂದು ಎದೆತಟ್ಟಿಕೊಳ್ಳುತ್ತಿದ್ದ ಅಂಬಾಸಡರಿನ ಮೈಯೂ ಒಂದು ಕಾಲದ ಇಂಗ್ಲಿಷ್ ಕಾರಿನದೇ ಎಂಬುದು ಅಲ್ಲಿ ಕೂತ ಎಲ್ಲರಿಗೂ ಗೊತ್ತಿತ್ತು. ಯಾರೂ ಅದನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ.

ಅಮ್ಮ ಡ್ರೈವಿಂಗ್ ಕಲಿತದ್ದು ಆ ಸೋಪಿನ ಡಬ್ಬಿಯಲ್ಲಿ. ಹೋಟೆಲಿನ ತರಕಾರಿ, ತೆಂಗಿನಕಾಯಿ, ಬಾಳೆ ಎಲೆ ತರುವುದು ಮೊದಲಿನಿಂದಲೂ ಅವಳ ಕೆಲಸ. ಖಂಡೇರಾವ್ ಮಾರ್ಕೆಟ್ಟಿಗೆ ಲೂನಾ ಮೊಪೆಡ್ಡಿನಲ್ಲಿ ಹೋಗಿ, ಮುಂದೆ ಒಂದು ಮೂಟೆ, ಹಿಂದೆ ಒಂದು ಮೂಟೆ ಕಟ್ಟಿಕೊಂಡು ಬರುತ್ತಿದ್ದಳು. ಮಳೆಗಾಲದಲ್ಲಿ ಕಾರ್ಖಾನೆಯ ಲಾರಿಗಳು ಚೆಲ್ಲಿದ ಎಣ್ಣೆಯ ಮೇಲೆ ಚಕ್ರ ಜಾರುತ್ತಿತ್ತು. ಎರಡು ಸಲ ಬಿದ್ದು ಮೊಣಕೈ ತರಚಿಕೊಂಡಿದ್ದಳು. ಅಪ್ಪಯ್ಯನನ್ನು ಕೇಳದೆ, ತಿಂಡಿಯ ಗಿರಾಕಿ ಇಳಿದ ಮೇಲೆ, ಪಕ್ಕದ ಬೀದಿಯ ಡ್ರೈವಿಂಗ್ ಸ್ಕೂಲಿಗೆ ಹೋಗತೊಡಗಿದಳು. ಕಲಿಸುವವನು ಅವಳನ್ನು 'ಮಾಸಿ', ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಿದ್ದ. ಅವಳ ಗುಜರಾತಿ ತರಕಾರಿಯ ಅಂಗಡಿಯ ಗುಜರಾತಿ, ಕಡಿಮೆ ಮಾಡು, ಕೊಳೆತದ್ದು ಬೇಡ, ನಾಳೆ ಬರುತ್ತೇನೆ ಅಷ್ಟೇ. ಅಷ್ಟರಲ್ಲೇ ಕ್ಲಚ್ಚು, ಗೇರು, ತಿರುವು ಎಲ್ಲ ಕಲಿತು ಲೈಸೆನ್ಸ್ ತಂದಳು. ಅದರ ಫೋಟೋದಲ್ಲಿ ಯಾರನ್ನೋ ಬೈಯಲು ಹೊರಟವಳಂತೆ ಕಾಣುತ್ತಿದ್ದಳು. ನಾನು ಗುಜರಾತಿ ಶಾಲೆಯಲ್ಲಿ ಓದುತ್ತಿದ್ದ ಹುಡುಗಿ. ಇಲ್ಲಿ ಬರೆಯುತ್ತಿರುವ ಈ ಸಾದಾ ಕನ್ನಡವನ್ನು ನನಗೆ ಕಲಿಸಿದ್ದೂ ಅವಳೇ. ಅಡುಗೆಮನೆಯ ಮೆಟ್ಟಿಲ ಮೇಲೆ ಕೂರಿಸಿ, ಊರಿನಿಂದ ಬರುತ್ತಿದ್ದ ವಾರಪತ್ರಿಕೆಯನ್ನು ಗಟ್ಟಿಯಾಗಿ ಓದಿಸುತ್ತಿದ್ದಳು. ತಾನು ಕಲಿತದ್ದನ್ನು ಇನ್ನೊಬ್ಬರಿಗೆ ದಾಟಿಸುವುದು ಅವಳಿಗೆ ಬಹಳ ಇಷ್ಟ. ಲೈಸೆನ್ಸ್ ಬಂದ ದಿನ ಎರಡು ಮಣೆ, ಒಂದು ಸೌಟು ಇಟ್ಟುಕೊಂಡು ನನಗೆ ಗೇರು ಹಾಕುವುದನ್ನು ಹೇಳಿಕೊಟ್ಟಳು.

ಅಪ್ಪಯ್ಯನಿಗೆ ಸಿಟ್ಟು ಬರಲಿಲ್ಲ. ಅವರು ಅದನ್ನು ಗುಂಪಿನ ಮುಂದಿಟ್ಟರು. ಹೆಂಡತಿ ಮಾರ್ಕೆಟ್ಟಿಗೆ ಯಾವ ಕಾರಿನಲ್ಲಿ ಹೋಗಬೇಕು ಎಂಬುದನ್ನು ಹಳೆ ಕಾರಿನ ಗಂಡಸರ ಗುಂಪು ಒಂದು ಭಾನುವಾರ ತೀರ್ಮಾನಿಸಿತು. ಅಮ್ಮ ದೋಸೆ ತಂದಿಡುತ್ತಿದ್ದಾಗ ರಾಯರು ಅವಳಿಗೇ ತಿಳಿಹೇಳಿದರು:

"ನೋಡಿ ವನಜಮ್ಮ, ಹಳೇ ಕಾರು ಇಟ್ಟುಕೊಂಡವರ ಮನೆಯಲ್ಲಿ ದಿನಬಳಕೆಗೆ ದೇಶಿ ಗಾಡೀನೇ ಇರಬೇಕು. ಅದೊಂದು ಮರ್ಯಾದೆ. ಎಲ್ಲಿ ಕೆಟ್ಟು ನಿಂತ್ರೂ ಯಾವ ಮೆಕ್ಯಾನಿಕ್ಕಾದ್ರೂ ಸುತ್ತಿಗೆ ಹಿಡ್ಕೊಂಡು ಸರಿ ಮಾಡ್ತಾನೆ."

"ನಂಗೆ ಕೆಟ್ ನಿಲ್ಲುದೇ ಬ್ಯಾಡ ರಾಯರೆ," ಎಂದಳು ಅಮ್ಮ. "ಕೀ ತಿರ್ಗ್ಸ್ರೆ ಹೊರ್ಡ್ಕ್. ಅದ್ ಯಾವ ದೇಶದ್ದಾರೂ ಅಡ್ಡಿಲ್ಲ."

ರಾಯರು ನಕ್ಕು, ಇದನ್ನೇ ನಾವು ಬಳಕೆದಾರನ ಸಂಸ್ಕೃತಿ ಎನ್ನುವುದು ಎಂದು ಚಿನುಭಾಯಿಗೆ ಇಂಗ್ಲಿಷಿನಲ್ಲಿ ವಿವರಿಸಿದರು. ಮುಂದಿನ ತಿಂಗಳು ಅಪ್ಪಯ್ಯ ಹಳೆಯದೊಂದು ಅಂಬಾಸಡರ್ ತಂದರು. ಅಮ್ಮನದು ಪುಟ್ಟ ಶರೀರ. ಆ ಉದ್ದನೆಯ ಸೋಫಾದಂಥ ಸೀಟಿನಲ್ಲಿ ಕೂತರೆ ಅವಳ ಕಾಲು ಕ್ಲಚ್ಚಿಗೆ ಎಟುಕುತ್ತಿರಲಿಲ್ಲ, ಸ್ಟಿಯರಿಂಗಿನ ಮೇಲಿಂದ ರಸ್ತೆ ಕಾಣುತ್ತಿರಲಿಲ್ಲ. ಆದರೂ ಅವಳು ಬಿಟ್ಟಳು. ಬೆನ್ನಿಗೊಂದು ದಿಂಬು, ಕೆಳಗೊಂದು ಮಡಿಸಿದ ಗೋಣಿ. ಬೆಳಿಗ್ಗೆ ಅಪ್ಪಯ್ಯ ಪಕ್ಕದಲ್ಲಿ ಕೂತು ಹೊರಡುವುದು, ನಾನು ಮೇಲಿನ ಬಾಲ್ಕನಿಯಿಂದ ನೋಡುವುದು. ಅವಳ ಕೈ ಪಳಗುವವರೆಗೆ ಮಗುವನ್ನು ಕೂರಿಸಬಾರದು ಎಂದು ಅಪ್ಪಯ್ಯನ ಅಪ್ಪಣೆಯಾಗಿತ್ತು. ತಿರುವಿನಲ್ಲಿ ಆ ದೊಡ್ಡ ಗಾಡಿಯನ್ನು ಅವಳು ಎರಡು ಕೈಯಲ್ಲಿ ಎಳೆದು ತಿರುಗಿಸುವುದು, ಕಸೂತಿ ಹಾಕುವವಳ ಹಾಗೆ ತುಟಿ ಒತ್ತಿ ಹಿಡಿದಿರುವುದು ಮೇಲಿನಿಂದ ಕಾಣುತ್ತಿತ್ತು. ಕೆಲವು ವಾರಗಳಲ್ಲಿ ಅವಳು ಒಬ್ಬಳೇ ಹೋಗಿ ಮೂಟೆಗಳನ್ನು ಹೇರಿಕೊಂಡು ಬರತೊಡಗಿದಳು. ನಾನು ಶಾಲೆಯಲ್ಲಿರುವಾಗ. ಮಾರ್ಕೆಟ್ಟಿನ ಹೆಂಗಸರು ಅವಳಿಗೆ ಜಾಗ ಬಿಡಿಸಿಕೊಡುತ್ತಿದ್ದರಂತೆ. ಅಷ್ಟು ದಿನ ನಮ್ಮ ಮನೆಯಲ್ಲಿ ಒಂದು ಕಾರು ಕಾರಿನ ಕೆಲಸ ಮಾಡಿತು.

ಆಮೇಲೆ ಒಂದು ಭಾನುವಾರ ರಾಯರು ಹಿತ್ತಲಿಗೆ ಕೈತೊಳೆಯಲು ಹೋದವರು ಅಂಬಾಸಡರಿನ ಮುಂದೆ ನಿಂತುಬಿಟ್ಟರು. ಬಗ್ಗಿ ನೋಡಿದರು, ಬಾನೆಟ್ಟಿನ ಅಂಚನ್ನು ಬೆರಳಿನಿಂದ ಸವರಿದರು, ಚಿನುಭಾಯಿಯನ್ನು ಕರೆದರು. ಇದರ ಮೈ ಬಹಳ ಹಳೆಯದು, ಮೊಟ್ಟಮೊದಲ ಮಾದರಿಯದು; ಯಾರೋ ಮಧ್ಯದಲ್ಲಿ ಮೂಗು, ಡ್ಯಾಶ್‌ಬೋರ್ಡು, ಸೀಟು ಬದಲಾಯಿಸಿದ್ದಾರೆ ಅಷ್ಟೇ ಎಂದರು. ಅಪ್ಪಯ್ಯನ ಮುಖ ನನಗೆ ನೆನಪಿದೆ. ಮಗ ಹುಟ್ಟಿದನೆಂದು ಹೇಳಿದರೂ ಅಷ್ಟು ಅರಳುತ್ತಿತ್ತೋ ಇಲ್ಲವೋ. ಹಳೆ ಕಾರಿನ ಹುಚ್ಚಿನವರು ಮಾತ್ರ ಮಾಡಬಹುದಾದ ತಪ್ಪು ಅದು. ತರಕಾರಿ ತರುವ ಕಾರನ್ನೂ ಅವರು ಪೂಜೆಗೆ ಇಡಲು ಹೊರಟರು. ಅದನ್ನು ಹುಟ್ಟಿದ ರೂಪಕ್ಕೆ ತರಬೇಕು, ಒಂದೊಂದು ತಿರುಪೂ ಆಗಿನದೇ ಇರಬೇಕು. ಬುಧವಾರದ ಹೊತ್ತಿಗೆ ಚಕ್ರ ಬಿಚ್ಚಿದ್ದರು. ಸೀಟು ಹೊಲಿಯುವವನ ಅಂಗಡಿಗೆ ಹೋಯಿತು. ಎಲ್ಲಕ್ಕಿಂತ ಮೊದಲು ಹೊರಗೆ ಬಿದ್ದದ್ದು ಅಮ್ಮನ ದಿಂಬು ಮತ್ತು ಗೋಣಿ. ಅಮ್ಮ ಶೆಡ್ಡಿನ ಬಾಗಿಲಲ್ಲಿ ನಿಂತು ನೋಡಿದಳು, ದಿಂಬನ್ನು ಎತ್ತಿ ಧೂಳು ಕೊಡವಿ ಮೇಲೆ ತಂದಳು. ಮರುದಿನ ಲೂನಾ ಹೊರಗೆ ತೆಗೆದಳು.

ಆ ವರ್ಷದ ಆಯುಧಪೂಜೆಯಲ್ಲಿ ಶೆಡ್ಡಿನಲ್ಲಿ ಮೊದಲು ಕರಿ ಕಾರಿಗೆ ಚೆಂಡುಹೂವಿನ ದಪ್ಪ ಮಾಲೆ. ಆಮೇಲೆ ಚಕ್ರವೇ ಇಲ್ಲದ ಅಂಬಾಸಡರಿಗೆ ಮಾಲೆ, ಕುಂಕುಮ, ಕುಂಬಳಕಾಯಿ. ಲೂನಾಕ್ಕೆ ಉಳಿದ ಹೂವನ್ನು ಅಮ್ಮ ತಾನೇ ಸಿಕ್ಕಿಸಿದಳು. ಓಡುವ ಗಾಡಿ ಇದೊಂದೇ ಅಲ್ದಾ ಎಂದು ನನಗೆ ಮಾತ್ರ ಕೇಳುವಂತೆ ಅಂದಳು. ಆ ದೀಪಾವಳಿಗೆ ಡ್ಯಾಶ್‌ಬೋರ್ಡ್ ಸಿಗಲಿಲ್ಲ. ನಾವು ಸೂರತ್ತಿಗೂ ಹೋಗಲಿಲ್ಲ. ಬೇಸಿಗೆ ಕಳೆಯಿತು, ಮತ್ತೆ ಮಳೆಗಾಲ ಬಂತು. ಅಂಬಾಸಡರ್ ಇಟ್ಟಿಗೆಯ ಮೇಲೆಯೇ ಇತ್ತು. ನಾನು ಮೊದಲು ಹೇಳಿದ ಭಾನುವಾರ ಆ ಮಳೆಗಾಲದ್ದು.

ಸೋಮವಾರ ಬೆಳಿಗ್ಗೆ ಜಿಟಿಜಿಟಿ ಮಳೆ. ಅಮ್ಮ ಲೂನಾದಲ್ಲಿ ಮಾರ್ಕೆಟ್ಟಿಗೆ ಹೋದಳು, ಮೂಟೆ ಕಟ್ಟಿಕೊಂಡು ಹೊರಟಳು. ನಮ್ಮ ರಸ್ತೆಗೆ ತಿರುಗುವಲ್ಲಿ ಎಣ್ಣೆ ನೀರು ಕಲೆತಿತ್ತು. ಚಕ್ರ ಜಾರಿತು, ಮೂಟೆಯ ಭಾರ ಅವಳನ್ನು ರಸ್ತೆಯ ಮಧ್ಯಕ್ಕೆ ಎಳೆಯಿತು, ಹಿಂದೆ ಟ್ಯಾಂಕರ್ ಬರುತ್ತಿತ್ತು. ಸುದ್ದಿ ತಂದವನು ಪಾನಿನ ಅಂಗಡಿಯವನು. ಅಪ್ಪಯ್ಯ ಗಲ್ಲಾಪೆಟ್ಟಿಗೆಯಿಂದ ಎದ್ದು ಬರಿಗಾಲಲ್ಲಿ ಓಡಿದರು. ಎರಡು ಕಾರುಗಳ ಮನೆಯಿಂದ ಓಡಿಯೇ ಹೋದರು. ಒಂದಕ್ಕೆ ಚಕ್ರವಿರಲಿಲ್ಲ, ಇನ್ನೊಂದು ತಣ್ಣಗಿದ್ದಾಗ ಹೊರಡಲು ಬಹಳ ಹೊತ್ತು ಓಲೈಸಬೇಕಿತ್ತು. ಹೊರಟಿದ್ದರೂ ಉಪಯೋಗವಿರಲಿಲ್ಲ. ಅಮ್ಮ ಅಲ್ಲೇ, ಆಗಲೇ ಹೋಗಿದ್ದಳು. ನನ್ನನ್ನು ಶಾಲೆಯಿಂದ ಪಕ್ಕದ ಮನೆಯಾಕೆ ರಿಕ್ಷಾದಲ್ಲಿ ಕರೆತಂದರು. ರಸ್ತೆಯ ತಿರುವಿನಲ್ಲಿ ಬದನೆಕಾಯಿಗಳು ಇನ್ನೂ ಬಿದ್ದಿದ್ದವು. ಅವು ನಮ್ಮವೆಂದು ನನಗೆ ಆಗ ಗೊತ್ತಿರಲಿಲ್ಲ.

ಬೊಜ್ಜದ, ಅಂದರೆ ಉತ್ತರಕ್ರಿಯೆಯ ಊಟವನ್ನು ಹೋಟೆಲಿನ ಹಾಲಿನಲ್ಲಿ ಇಟ್ಟಿದ್ದರು. ಮೇಜುಗಳನ್ನು ಹೊರಗೆ ಹಾಕಿ ನೆಲದ ಮೇಲೆ ಎಲೆ ಹಾಕಿದ್ದರು. ಊರಿನಿಂದ ಬಂದವರು ಕೆಲವರು, ಸೂರತ್ತಿನಿಂದ ಚಿಕ್ಕಮ್ಮ, ಚಿಕ್ಕಪ್ಪ. ಹಳೆ ಕಾರಿನ ಗುಂಪೂ ಬಂತು. ಸಾವಿನ ಮನೆಗೆ ಹಳೆ ಕಾರು ತರುವುದು ಚೆನ್ನಾಗಿರುವುದಿಲ್ಲವೆಂದು ಅವರು ಅಂದುಕೊಂಡಿರಬೇಕು. ಎಲ್ಲರೂ ದಿನಬಳಕೆಯ ಕಾರುಗಳಲ್ಲಿ ಬಂದರು. ನಾನು ಬಾಲ್ಕನಿಯಲ್ಲಿದ್ದೆ. ಮುಂಬಾಗಿಲಲ್ಲಿ ಒಂದರ ಹಿಂದೆ ಒಂದು ಬಂದು ನಿಂತವು. ಅವುಗಳಲ್ಲಿ ಒಂದೂ ಅಂಬಾಸಡರ್ ಇರಲಿಲ್ಲ. ಎಲ್ಲವೂ ಹೊಸವು, ಎಲ್ಲವೂ ಹೊರದೇಶದ ಹೆಸರಿನವು. ಗಾಜು ಮೇಲೇರಿಸಿ, ಒಳಗೆ ಏಸಿ ಹಾಕಿಕೊಂಡು ಬಂದಿದ್ದರು. ಚಿನುಭಾಯಿಯ ಬೆಳ್ಳಿ ಬಣ್ಣದ ಕಾರು ಸದ್ದೇ ಇಲ್ಲದೆ ಬಂದು ನಿಂತಿತು, ಅದರಿಂದ ರಾಯರೂ ಇಳಿದರು. ಭಾನುವಾರ ನಾವು ನೋಡುತ್ತಿದ್ದ ಅಂಬಾಸಡರುಗಳು ಅವರ ಡ್ರೈವರು, ಮೆಕ್ಯಾನಿಕ್ಕು, ನೀರಿನ ಡಬ್ಬಗಳ ಕಾರುಗಳು. ತಾವು ದಿನವೂ ಕೂರುವ ಕಾರನ್ನು ಅವರು ಮನೆಯಲ್ಲಿ ಬಿಟ್ಟು ಬರುತ್ತಿದ್ದರು. ಕೀ ತಿರುಗಿಸಿದರೆ ಹೊರಡುವ ಕಾರು ಅವರೆಲ್ಲರಿಗೂ ಬೇಕಿತ್ತು, ಅವರೆಲ್ಲರ ಬಳಿಯೂ ಇತ್ತು. ನಮ್ಮ ಅಮ್ಮನಿಗೆ ಮಾತ್ರ ಅವರು ಮರ್ಯಾದೆಯ ಪಾಠ ಹೇಳಿದ್ದರು. ಆಗ ನಾನು ಅಷ್ಟೇನೂ ದೊಡ್ಡವಳಲ್ಲ, ಆದರೆ ಸಾಲಾಗಿ ನಿಂತ ಕಾರುಗಳನ್ನು ನೋಡಿ ಅರ್ಥಮಾಡಿಕೊಳ್ಳುವಷ್ಟು ದೊಡ್ಡವಳಾಗಿದ್ದೆ. ಮನುಷ್ಯರನ್ನು ಅವರು ಹೇಳುವ ಮಾತಿನಿಂದ ಅಳೆಯುವುದನ್ನು ಅಂದು ಬಿಟ್ಟೆ.

ಅದಾದ ಮೇಲಿನದನ್ನು ಬರೆಯಲು ನನಗೆ ಇಷ್ಟವಿಲ್ಲ, ಆದರೆ ನಡೆದದ್ದು ಅದೇ. ರಾಯರು ಅಪ್ಪಯ್ಯನ ಹೆಗಲ ಮೇಲೆ ಕೈಯಿಟ್ಟು ಏನೋ ಸಮಾಧಾನ ಹೇಳಿದರು. ಆಮೇಲೆ ದನಿ ತಗ್ಗಿಸಿ ಇನ್ನೇನೋ ಹೇಳಿದರು. ಅಪ್ಪಯ್ಯ ತಲೆಯೆತ್ತಿದರು. ಬೆಳ್ಳಿ ಕಾರಿನ ಡಿಕ್ಕಿ ತೆರೆಯಿತು. ಹಳೆ ಚಾದರದಲ್ಲಿ ಸುತ್ತಿದ ಉದ್ದನೆಯ ವಸ್ತುವೊಂದನ್ನು ಇಬ್ಬರು ಹಿಡಿದುಕೊಂಡು ಹಿತ್ತಲಿಗೆ ಹೋದರು. ಮೊದಲ ಮಾದರಿಯ ಡ್ಯಾಶ್‌ಬೋರ್ಡ್ ಅಹಮದಾಬಾದಿನ ಗುಜರಿಯಲ್ಲಿ ಸಿಕ್ಕಿತ್ತು. ಹೇಗೂ ಈ ಕಡೆ ಬರುತ್ತಿದ್ದೆವಲ್ಲ, ತಂದೆವು ಎಂದರು. ಅಪ್ಪಯ್ಯ ಬೋಳಿಸಿದ ತಲೆ, ಬಿಳಿ ಪಂಚೆಯಲ್ಲಿ ಅವರ ಹಿಂದೆ ನಡೆದು ಶೆಡ್ಡಿನ ಬೀಗ ತೆಗೆದರು. ಅಳತೆ ಕೂತುಕೊಳ್ಳುತ್ತದೋ ನೋಡುವುದಕ್ಕೆ. 'ಪರ್ಫೆಕ್ಟ್' ಎಂದ ರಾಯರ ದನಿ ನನಗೆ ಮೇಲಿನವರೆಗೆ ಕೇಳಿಸಿತು. ಕೆಳಗಿನಿಂದ ಚಿಕ್ಕಮ್ಮ ಹೋಗಿ ಶೆಡ್ಡಿನ ಬಾಗಿಲಲ್ಲಿ ನಿಂತಳು. ಅವಳ ಕೈಯಲ್ಲಿ ನೀರಿನ ತಂಬಿಗೆ ಇತ್ತು.

"ಎಲಿ ಹಾಕಿ ಆಯ್ತ್. ಅಕ್ಕನ ಊಟ ಉಂಡ್ಕಂಡ್ ಹೋಯ್ನಿ. ಕಾರ್ ಎಲ್ಲಿಗೂ ಹೋತಿಲ್ಲೆ."

ಅವರು ಬಂದು ಉಂಡರು. ಪಾಯಸ ಚೆನ್ನಾಗಿದೆ ಎಂದರು. ಎರಡು ದಿನ ಕಳೆದು ಚಿಕ್ಕಮ್ಮ ನನ್ನ ಬಟ್ಟೆಗಳನ್ನು ತನ್ನ ಚೀಲಕ್ಕೆ ತುಂಬಿಕೊಂಡಳು. ಹೋಟೆಲು ನೋಡಿಕೊಂಡು ಹೆಣ್ಣುಮಗುವನ್ನು ಸಾಕಲು ಅಪ್ಪಯ್ಯನಿಂದ ಆಗದೆಂದು ಹಿರಿಯರು ಅಂದರು, ಅಪ್ಪಯ್ಯನೂ ಹೌದೆಂದರು. ನಾನು ಸೂರತ್ತಿಗೆ ಹೋದದ್ದು ರೈಲಿನಲ್ಲಿ. ಭರೂಚ್ ದಾಟುವಾಗ ನರ್ಮದೆಯ ಸೇತುವೆ ಬಂತು. ಚಿಕ್ಕಮ್ಮ ನದಿಗೆ ಎಸೆಯಲು ನನ್ನ ಕೈಗೆ ನಾಣ್ಯ ಕೊಟ್ಟಳು. ಅದು ಕಂಬಿಗೆ ತಗುಲಿ ಸೇತುವೆಯ ಮೇಲೆಯೇ ಬಿತ್ತು.

ಸೂರತ್ತಿನಲ್ಲಿ ಚಿಕ್ಕಪ್ಪ ಒಂದು ಊಟದ ಮೆಸ್ ನಡೆಸುತ್ತಿದ್ದರು. ಎರಡು ಕೋಣೆಯ ಮನೆ, ಸೀರೆ ನೇಯುವ ಯಂತ್ರಗಳ ಸದ್ದಿನ ಓಣಿ. ಆ ಚಳಿಗಾಲದಲ್ಲಿ ಒಂದು ಮಧ್ಯಾಹ್ನ ಓಣಿಯ ಬಾಯಿಯಲ್ಲಿ ಮಕ್ಕಳು ಗುಂಪುಗೂಡಿದರು. ಅಪ್ಪಯ್ಯ ಅಂಬಾಸಡರ್ ತಂದಿದ್ದರು. ಹೊಸ ಬಣ್ಣ, ಹುಟ್ಟಿದ ರೂಪದ ಮೂಗು, ಹುಟ್ಟಿದ ರೂಪದ ಡ್ಯಾಶ್‌ಬೋರ್ಡು. ಯಾವುದೋ ಪ್ರದರ್ಶನದಲ್ಲಿ ಅದಕ್ಕೆ ಬಹುಮಾನದ ಕಪ್ ಸಿಕ್ಕಿತ್ತಂತೆ, ಅದನ್ನೂ ಹಿಂದಿನ ಸೀಟಿನಲ್ಲಿ ಇಟ್ಟುಕೊಂಡು ಬಂದಿದ್ದರು. ನನ್ನನ್ನು ರಜೆಗೆ ಕರೆದೊಯ್ಯಲು ಬಂದವರು. ಮುಂಬಾಗಿಲು ತೆರೆದು ಹಿಡಿದು ಹೇಳಿದರು:

"ಬಾ ಮಗಾ, ಕೂಕೋ. ಈಗ ಬೆಣ್ಣೆ ಹಾಂಗ್ ಹೋತ್ತ್."

"ನಾನ್ ರೈಲಂಗೆ ಬತ್ತೆ ಅಪ್ಪಯ್ಯ."

ಅವರು ಒತ್ತಾಯ ಮಾಡಲಿಲ್ಲ. ಮಕ್ಕಳಿಗೆ ಹಾರ್ನ್ ಮುಟ್ಟಬೇಡಿ ಎಂದು ಹೇಳಿ, ಚಹಾ ಕುಡಿದು ಹೊರಟರು. ನಾನು, ಚಿಕ್ಕಪ್ಪ ರೈಲಿನಲ್ಲಿ ಹೋದೆವು. ನಾವು ತಲುಪಿ, ಕೈಕಾಲು ತೊಳೆದು, ಊಟಕ್ಕೆ ಕೂತ ಮೇಲೆ ಅಪ್ಪಯ್ಯ ಬಂದರು. ದಾರಿಯಲ್ಲಿ ಎರಡು ಕಡೆ ಕೆಟ್ಟು ನಿಂತಿತ್ತಂತೆ. ಯಾವ ಮೆಕ್ಯಾನಿಕ್ಕಾದರೂ ಸುತ್ತಿಗೆ ಹಿಡಿದು ಸರಿಮಾಡುತ್ತಾನೆ ಎಂದು ಯಾರೂ ಆಗ ಹೇಳಲಿಲ್ಲ.

ಅಪ್ಪಯ್ಯ ಕಳೆದ ಮಳೆಗಾಲದಲ್ಲಿ ತೀರಿಕೊಂಡರು. ಅವರ ಫೋನಿಗೆ ಬಂದ ಸಂದೇಶಗಳನ್ನು ನಾನೇ ಓದಿದೆ. ಪರಂಪರೆಯನ್ನು ಉಳಿಸಿದವರು, ಅಪ್ಪಟ ದೇಶಿ ಕಾರಿನ ಪ್ರೇಮಿ, ಅವರ ಮನೆಯ ಇಡ್ಲಿ ಮರೆಯಲಾರೆವು. ಅಮ್ಮನ ಹೆಸರು ಒಂದರಲ್ಲೂ ಇರಲಿಲ್ಲ. ಇಡ್ಲಿ ಯಾರು ಮಾಡುತ್ತಿದ್ದರೆಂದು ಅವರಿಗೆ ಗೊತ್ತೂ ಇರಲಿಲ್ಲ. ಎರಡೂ ಕಾರುಗಳು ಈಗ ಚಿನುಭಾಯಿಯ ಮಗನ ಬಳಿ ಇವೆ. ನನಗೆ ಫೋಟೋ ಕಳಿಸಿದ್ದ, ನಾನು ಅಳಿಸಿದೆ. ನನ್ನ ಬಳಿಯೂ ಒಂದು ಕಾರಿದೆ. ಅದು ಯಾವ ದೇಶದ್ದೆಂದು ಕೇಳಿದರೆ ಗೊತ್ತಿಲ್ಲ ಎನ್ನುತ್ತೇನೆ, ನಿಜವಾಗಿಯೂ ವಿಚಾರಿಸಿಲ್ಲ. ಹಳೆಯದಾದರೆ ಮಾರಿ ಇನ್ನೊಂದು ತರುತ್ತೇನೆ. ಯಾರಾದರೂ ಕಾರಿನ ಬಗ್ಗೆ ಪ್ರೀತಿ ಎಂಬ ಪದ ಬಳಸಿದರೆ ಅವರ ಮನೆಯಲ್ಲಿ ಮಾರ್ಕೆಟ್ಟಿಗೆ ಹೋಗುವವರು ಯಾರು, ಹೇಗೆ ಹೋಗುತ್ತಾರೆ ಎಂದು ಕೇಳುತ್ತೇನೆ.

ಕೊನೆಯ ತಿಂಗಳಲ್ಲಿ ಅಪ್ಪಯ್ಯ ನನ್ನ ಮನೆಯಲ್ಲೇ ಇದ್ದರು. ಆಸ್ಪತ್ರೆಯಿಂದ ಒಮ್ಮೆ ನಾನೇ ಕಾರು ಓಡಿಸಿಕೊಂಡು ಅವರನ್ನು ತರುತ್ತಿದ್ದಾಗ, ನನ್ನ ಕೈಯನ್ನೇ ನೋಡುತ್ತಿದ್ದವರು ಸಿಗ್ನಲ್ಲಿನಲ್ಲಿ ನಿಂತಾಗ ಹೇಳಿದರು:

"ನಿನ್ ಅಬ್ಬಿ ಚಂದ ಬಿಡ್ತಿದ್ಲ್. ಆ ಅಂಬಾಸಡರ್‌ನೂ ಚಂದ ಬಿಡ್ತಿದ್ಲ್."

ಅಬ್ಬಿ ಎಂದರೆ ಅಮ್ಮ. ಇಷ್ಟು ವರ್ಷಗಳಲ್ಲಿ ಅವರು ಅವಳ ಬಗ್ಗೆ ನನ್ನೊಡನೆ ಆಡಿದ ಒಂದೇ ಒಳ್ಳೆಯ ಮಾತು. ಹಸಿರು ದೀಪ ಬಂತು, ನಾನು ಗೇರು ಹಾಕಿದೆ. ಅದು ನಿಜವೋ ಎಂದು ಅವರನ್ನು ಕೇಳಬಹುದಿತ್ತು, ಪಕ್ಕದಲ್ಲಿ ಕೂತು ನೋಡಿದವರು ಅವರೊಬ್ಬರೇ. ಮಾರ್ಕೆಟ್ಟಿನ ಹೆಂಗಸರು ಅವಳಿಗೆ ಜಾಗ ಬಿಟ್ಟದ್ದು ನನಗೆ ಕೇಳಿ ಗೊತ್ತು. ಅವಳು ತಿರುವಿನಲ್ಲಿ ತುಟಿ ಒತ್ತಿ ಹಿಡಿದದ್ದು ಬಾಲ್ಕನಿಯಿಂದ ಕಂಡು ಗೊತ್ತು. ಅಮ್ಮ ಬಿಡುವ ಕಾರಿನಲ್ಲಿ ನಾನು ಒಂದು ಸಲವೂ ಕೂತಿಲ್ಲ.